ಮೊದಲ ಕಲಮು

ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಮೂರೂ ಊರಿನ ಕನ್ನಡ ಸಂಘಗಳನ್ನು ಕೂಡಿಸಿ ಒಂದೇ ಒಕ್ಕೂಟ ಮಾಡಬೇಕೆಂಬ ಮಾತು ಎದ್ದಾಗ, ಅದಕ್ಕೊಂದು ಸಂವಿಧಾನ ಬರೆಯುವ ಕೆಲಸ ಡಾಕ್ಟರ್ ಉಷಾರಾಣಿಯವರ ಹೆಗಲೇರಿತು. ಬೇರೆ ಯಾರಿಗೂ ಅದು ಬೇಕಿರಲಿಲ್ಲ. ನಾಟಕ ಆಡಿಸಬೇಕು ಎಂದರೆ ಹತ್ತು ಜನ ಮುಂದೆ ಬರುತ್ತಾರೆ, ಹಬ್ಬದ ಅಡುಗೆ ಎಂದರೆ ಸೆರಗು ಸಿಕ್ಕಿಸಿಕೊಂಡು ಇಪ್ಪತ್ತು ಜನ. ನಿಯಮ ಬರೆಯಬೇಕು ಎಂದ ಕೂಡಲೇ ಎಲ್ಲರಿಗೂ ಒಂದೇ ಸಲ ಫೋನ್ ಬಂದುಬಿಡುತ್ತದೆ.

ಮೂರೂ ಸಂಘಗಳ ಸ್ಥಿತಿ ಅಷ್ಟಕ್ಕಷ್ಟೆ. ಹ್ಯೂಸ್ಟನ್‌ನವರು ಮೈಕ್ ಸೆಟ್ಟಿನ ಜಗಳಕ್ಕೆ ಎರಡು ಹೋಳಾಗಿದ್ದರು. ಆಸ್ಟಿನ್‌ನಲ್ಲಿ ಅಧ್ಯಕ್ಷರಿಗೂ ಖಜಾಂಚಿಗೂ ಮಾತಿರಲಿಲ್ಲ. ಡಲ್ಲಾಸ್‌ನಲ್ಲಂತೂ ಲಾಸ್ ಕೊಲಿನಾಸ್ ಬಡಾವಣೆಯ ಚಿದಾನಂದ್ ಎಷ್ಟು ಕಾಲದಿಂದ ಅಧ್ಯಕ್ಷರಾಗಿದ್ದರೆಂದರೆ, ಅಲ್ಲಿ ಹುಟ್ಟಿ ಬೆಳೆದ ಮಕ್ಕಳು ಅವರ ಹೆಸರೇ ‘ಪ್ರೆಸಿಡೆಂಟ್ ಅಂಕಲ್’ ಎಂದುಕೊಂಡಿದ್ದವು. ಕೆಟ್ಟ ಮನುಷ್ಯರಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಾಗಿಲು ತಟ್ಟುತ್ತಿದ್ದವರು ಅವರೇ. ಆದರೆ ಕುರ್ಚಿ ಬಿಡು ಎಂದರೆ ಮಾತ್ರ ಕಿವಿ ಕೇಳಿಸುತ್ತಿರಲಿಲ್ಲ.

ಉಷಾರಾಣಿಗೆ ಈ ಕೆಲಸ ರುಚಿಸಲು ಕಾರಣವಿತ್ತು. ಮೈಸೂರಿನಲ್ಲಿ ಓದಿ, ಹ್ಯೂಸ್ಟನ್‌ನಲ್ಲಿ ಮಕ್ಕಳ ಡಾಕ್ಟರಾಗಿ ದುಡಿದು ನಿವೃತ್ತರಾದವರು ಅವರು. ಗಂಡ ರಾಮಮೂರ್ತಿ ಬಾಹ್ಯಾಕಾಶ ಕೇಂದ್ರದಲ್ಲಿ ಇಂಜಿನಿಯರಾಗಿದ್ದವರು, ಈಗ ಕ್ಲಿಯರ್ ಲೇಕ್‌ನ ಮನೆಯ ಹಿತ್ತಲಲ್ಲಿ ಕುಂಡಗಳಲ್ಲಿ ಕರಿಬೇವು ಬೆಳೆಸುತ್ತಾ, ಚಳಿ ಬಂದರೆ ಅವನ್ನು ಗ್ಯಾರೇಜಿಗೆ ಹೊತ್ತು, ಬಿಸಿಲು ಬಂದರೆ ಹೊರಗೆ ಹೊತ್ತು ದಿನ ಕಳೆಯುತ್ತಿದ್ದರು. ಹಿಂದೆ ಪೌರತ್ವದ ಪರೀಕ್ಷೆಗೆ ಓದುವಾಗ ಉಳಿದವರೆಲ್ಲ ಉತ್ತರ ಉರುಹೊಡೆದು ಮರೆತರೆ, ಉಷಾರಾಣಿಗೆ ಅಮೆರಿಕದ ಸಂವಿಧಾನದ ಹುಚ್ಚು ಹಿಡಿಯಿತು. ರಾಜನೇ ಇಲ್ಲದ ದೇಶವನ್ನು ಬರೀ ಯೋಚನೆಯ ಬಲದಿಂದ ಕಟ್ಟಲು ಹೊರಟ ಆ ಜನ ಅವರಿಗೆ ಪವಾಡದಂತೆ ಕಂಡರು. ಹಕ್ಕನ್ನು ಪ್ರಜೆ ಅರಸನಿಂದ ಬೇಡುವುದಲ್ಲ, ಅರಸನೇ ಪ್ರಜೆಯಿಂದ ಅಧಿಕಾರ ಎರವಲು ಪಡೆದವನು ಎಂಬ ಮಾತನ್ನು ಓದಿದ ದಿನ ಅವರು ಒಲೆಯ ಮೇಲೆ ಹಾಲಿಟ್ಟು ಮರೆತಿದ್ದರು.

ಆಸ್ಟಿನ್‌ನ ಯುಗಾದಿ ಕಾರ್ಯಕ್ರಮಕ್ಕೆ ಹೋದಾಗ ಅವರಿಗೆ ಶಾಹೀನ್ ನದಾಫ್ ಸಿಕ್ಕಿದಳು. ಗದಗಿನ ಹುಡುಗಿ. ಅಜ್ಜ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವರು, ತಂದೆ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರು. ಅವಳು ಆಸ್ಟಿನ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು; ಆ ದಿನ ಕಾರ್ಯಕ್ರಮದ ನಿರೂಪಣೆ ಅವಳದೇ. ಎರಡು ಹಾಡುಗಳ ನಡುವೆ ಅವಳಾಡಿದ ನಾಲ್ಕು ಮಾತಿಗೆ ಸಭೆಯಲ್ಲಿ ಹರಟುತ್ತಿದ್ದವರೂ ತಿರುಗಿ ನೋಡಿದ್ದರು.

“ಏನು ಓದ್ತಿದೀಯಮ್ಮ?” ಎಂದು ಊಟದ ಸಾಲಿನಲ್ಲಿ ಉಷಾರಾಣಿ ಕೇಳಿದರು.

“ಹದಿನೆಂಟನೇ ಶತಮಾನದ ರಾಜಕೀಯ ವಿಚಾರ್ರಿ ಆಂಟಿ. ಯುರೋಪಿನ ಜ್ಞಾನೋದಯ ಅಂತಾರಲ್ರಿ, ಅದು ಇಲ್ಲಿ ಸರ್ಕಾರದೊಳಗ ಹೆಂಗ ಬಂತು ಅಂತ.”

“ನಮ್ಮ ಕಡೆ ಜ್ಞಾನೋದಯ ಅಂದ್ರೆ ಮರದ ಕೆಳಗೆ ಕೂತ ಒಬ್ಬರಿಗೆ ಆಗೋದು.”

ಶಾಹೀನ್ ನಕ್ಕಳು. “ಅಲ್ಲೆ ಒಬ್ಬರಿಗೆ ಆತ್ರಿ. ಇವರು ತಮ್ಮ ಇಡೀ ಜಗತ್ತಿಗೇ ಆತು ಅಂತ ತಿಳಕೊಂಡಿದ್ರು.”

ಆ ಒಂದು ಮಾತಿಗೇ ಉಷಾರಾಣಿ ಅವಳನ್ನು ಕರಡು ಸಮಿತಿಗೆ ಕರೆದರು. ಹೆಸರಿಗೆ ಸಮಿತಿ, ಇದ್ದದ್ದು ಅವರಿಬ್ಬರೇ. ಕೆಲವು ಶನಿವಾರ ಇವರು ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು, ಕೆಲವು ಶನಿವಾರ ಅವಳು ಬಸ್ಸು ಹಿಡಿದು ಹ್ಯೂಸ್ಟನ್‌ಗೆ ಬರುತ್ತಿದ್ದಳು. ರಾಮಮೂರ್ತಿ ಉಪ್ಪಿಟ್ಟು ಕೆದಕಿ, ಊಟದ ಮೇಜಿನ ಮೇಲೆ ಹರಡಿದ್ದ ಹಾಳೆಗಳನ್ನು ಸರಿಸಿ ತಟ್ಟೆ ಇಡುತ್ತಿದ್ದರು. ಆ ಬೇಸಿಗೆ ಉಷಾರಾಣಿಯ ಜೀವನದ ಸುಖದ ಬೇಸಿಗೆಗಳಲ್ಲೊಂದು. ಓದಿಕೊಂಡು ಯಾರ ಜೊತೆಗೂ ಹಂಚಿಕೊಳ್ಳಲಾಗದೆ ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದಕ್ಕೆಲ್ಲ ಈಗ ಎದುರು ಮಾತು ಸಿಗುತ್ತಿತ್ತು.

ಶಾಹೀನ್ ದೊಡ್ಡ ವಿಚಾರಗಳನ್ನು ಮನೆಮಾತಿಗೆ ಇಳಿಸುತ್ತಿದ್ದಳು. “ಫ್ರಾನ್ಸಿನ ಒಬ್ಬ ನ್ಯಾಯಾಧೀಶ ಹೇಳಿದ್ದು ಇಷ್ಟ ರಿ. ಕಾನೂನು ಮಾಡೋರು ಬ್ಯಾರೆ ಇರಬೇಕು, ನಡಸೋರು ಬ್ಯಾರೆ, ತಪ್ಪು ಒಪ್ಪು ನೋಡೋರು ಬ್ಯಾರೆ. ಮೂರೂ ಒಬ್ಬನ ಕೈಯಾಗ ಕೊಟ್ರ ದೇವರಂಥಾ ಮನಷ್ಯಾನೂ ಕೆಡ್ತಾನ.”

“ಚಿದಾನಂದ್‌ಗೆ ಇದನ್ನ ಹೇಗೆ ಹೇಳೋದು?” ಎಂದು ಉಷಾರಾಣಿ ನಗುತ್ತಿದ್ದರು.

“ನಾವು ಹೇಳೂದು ಬ್ಯಾಡ್ರಿ, ಕಲಮು ಹೇಳ್ತೈತಿ.”

ಹೀಗೆ ಕಾರ್ಯಕಾರಿ ಸಮಿತಿ ಒಂದಾಯಿತು, ಅದನ್ನು ಪ್ರಶ್ನಿಸಲು ಮೂರೂ ಊರಿನ ಪ್ರತಿನಿಧಿಗಳ ಸಭೆ ಇನ್ನೊಂದು, ದೂರು ಬಂದರೆ ವಿಚಾರಿಸಲು ಅಧಿಕಾರದಲ್ಲಿಲ್ಲದವರ ಪೀಠ ಮತ್ತೊಂದು. ಯಾರನ್ನೇ ತೆಗೆಯುವ ಮೊದಲು ಅವರ ಮಾತು ಕೇಳಲೇಬೇಕು. ಅಧ್ಯಕ್ಷರು ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟುಹಕ್ಕುಗಳ ಬಗ್ಗೆ ಬರೆದ ದಾರ್ಶನಿಕ ವೈದ್ಯನೂ ಆಗಿದ್ದನೆಂದು ಶಾಹೀನ್ ಹೇಳಿದ ದಿನ ಉಷಾರಾಣಿಯ ಹಿಗ್ಗು ನೋಡಬೇಕಿತ್ತು. “ನೋಡಿದ್ರಾ, ನಮ್ಮ ಜಾತಿಯವನು!” ಎಂದು ಅಡುಗೆಮನೆಯತ್ತ ಕೂಗಿ ಗಂಡನಿಗೆ ಹೇಳಿದರು.

ಆದರೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಮೊದಲ ಕಲಮು. ಸದಸ್ಯರು ಯಾರು? ಎಷ್ಟೋ ಸಲ ಬರೆದು ಅಳಿಸಿ, ಕೊನೆಗೊಂದು ದಿನ ಶಾಹೀನ್ ಒಂದು ವಾಕ್ಯ ತಂದಳು. ‘ಟೆಕ್ಸಾಸ್‌ನಲ್ಲಿದ್ದು, ಕನ್ನಡವನ್ನು ತನ್ನದೆಂದುಕೊಂಡ ಪ್ರತಿಯೊಬ್ಬರೂ ಈ ಒಕ್ಕೂಟದ ಸಮಾನ ಸದಸ್ಯರು; ಒಬ್ಬರಿಗೆ ಒಂದು ಮತ.’ ಉಷಾರಾಣಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಒಂದಕ್ಷರ ಕೂಡಿಸುವಂತಿರಲಿಲ್ಲ, ಕಳೆಯುವಂತಿರಲಿಲ್ಲ.

ಒಂದೇ ಒಂದು ಸಲ ಅವರಿಬ್ಬರಿಗೂ ಮಾತು ಕೊಂಚ ಬಿಸಿಯಾಯಿತು. ಫಿಲಡೆಲ್ಫಿಯದಲ್ಲಿ ಸಂವಿಧಾನ ಬರೆದ ಆ ಬೇಸಿಗೆಯ ಬಗ್ಗೆ ಹೇಳುತ್ತಾ ಶಾಹೀನ್, “ಅದರಾಗ ಗುಲಾಮ ಅನ್ನೂ ಶಬ್ದನ ಇಲ್ರಿ ಆಂಟಿ” ಎಂದಳು. “‘ಇತರ ವ್ಯಕ್ತಿಗಳು’ ಅಂತ ಬರದಾರ. ಸಂಸತ್ತಿನ್ಯಾಗ ಸೀಟು ಹಂಚಾಕ ಅಂಥವರು ಐದು ಮಂದಿ ಇದ್ರ ಮೂರು ಅಂತ ಎಣಿಸಿದ್ರು. ಆ ಎಣಿಕಿಯ ಬಲ ಹೋಗಿದ್ದು ಅವರ ಒಡೆಯರಿಗೆ. ಎಲ್ಲಾರೂ ಸಮಾನರು ಅಂತ ಹೇಳಿದ ಮಂದಿಗೆ ಆ ಶಬ್ದ ಬರಿಯಾಕ ನಾಚಿಕಿ ಆತು. ಗುಲಾಮರನ್ನ ಇಟಗೊಳ್ಳಾಕ ನಾಚಿಕಿ ಆಗಲಿಲ್ಲ.”

“ಬೇರೆ ದಾರಿ ಇರ್ಲಿಲ್ವೇನೋ. ಒಪ್ಪದಿದ್ರೆ ದಕ್ಷಿಣದ ರಾಜ್ಯಗಳು ಸೇರ್ತಾನೇ ಇರ್ಲಿಲ್ಲ. ದೇಶವೇ ಆಗ್ತಿರ್ಲಿಲ್ಲ.”

“ಎಲ್ಲಾರೂ ಹಂಗ ಅಂತಾರ್ರಿ. ಖರೇನ ಸೇರ್ತಿದ್ದಿಲ್ಲೇನು ಅಂತ ಯಾರೂ ಪರೀಕ್ಷಾ ಮಾಡಾಕ ಹೋಗಲಿಲ್ಲ.”

ಉಷಾರಾಣಿಗೆ ಆ ಉತ್ತರ ಹಿಡಿಸಲಿಲ್ಲ. ತಾನು ಇಷ್ಟು ವರ್ಷ ಹೂವಿಟ್ಟು ನೋಡಿದ ಚಿತ್ರದ ಮೇಲೆ ಯಾರೋ ಬೆರಳಿಟ್ಟಂತಾಯಿತು. “ಇರ್ಲಿ ಬಿಡು, ಉಪ್ಪಿಟ್ಟು ಆರಿಹೋಗುತ್ತೆ” ಎಂದು ಮಾತು ಮುಗಿಸಿದರು.

ಒಕ್ಕೂಟದ ಸ್ಥಾಪನಾ ಸಭೆ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲೆಂದು ಗೊತ್ತಾಯಿತು. ಹಿಂದಿನ ದಿನವೇ ಉಷಾರಾಣಿ, ರಾಮಮೂರ್ತಿ ಅಲ್ಲಿಗೆ ಹೋಗಿ ಸಂಗಮೇಶರ ಮನೆಯಲ್ಲಿ ಇಳಿದುಕೊಂಡರು. ಸಂಗಮೇಶ್ ವಿಜಯಪುರದವರು, ಚಿಪ್ ಕಂಪನಿಯಲ್ಲಿ ಕೆಲಸ, ಆಸ್ಟಿನ್ ಸಂಘದ ಪರವಾಗಿ ಓಡಾಡುತ್ತಿದ್ದವರು. ಸಂಜೆ ಬಿಸಿಲಿಳಿಯುವ ಹೊತ್ತಿಗೆ ಡಲ್ಲಾಸಿನಿಂದ ಚಿದಾನಂದ್ ಬಂದರು. ಕಾಫಿ ಕುಡಿದವರೇ, “ಡಾಕ್ಟ್ರೇ, ಬನ್ನಿ, ಕಾಲು ಬಿಡಿಸಿಕೊಂಡು ಬರೋಣ” ಎಂದು ಎದ್ದರು.

ಒಂದೇ ಅಚ್ಚಿನ ಮನೆಗಳ ನಡುವಿನ ಕಾಲುದಾರಿಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಅವರು ಬಾಯಿ ಬಿಟ್ಟರು.

“ನೀವು ಬರೆದಿದ್ದು ಓದ್ದೆ. ಚೆನ್ನಾಗಿದೆ. ಎರಡೇ ಅವಧಿ ಅಂದಿದೀರಿ, ಆಯ್ತು, ನಾನು ಇಳೀತೀನಿ. ಪೀಠ ಅಂದಿದೀರಿ, ಅದೂ ಆಗ್ಲಿ. ಆದ್ರೆ ಆ ಮೊದಲ್ನೇ ಕಲಮು ಆಗಲ್ಲ.”

“ಅದರಲ್ಲೇನಿದೆ ಚಿದಾನಂದ್?”

“ಸ್ಟೂಡೆಂಟ್ಸ್ ಎಷ್ಟು ಜನ ಇದಾರೆ ಗೊತ್ತಾ ಡಲ್ಲಾಸ್‌ನಲ್ಲಿ? ಇವತ್ತು ಬರ್ತಾರೆ, ನಾಳೆ ಕ್ಯಾಲಿಫೋರ್ನಿಯಾಗೆ ಶಿಫ್ಟ್ ಆಗ್ತಾರೆ. ನಾವು ಇಲ್ಲೇ ಸಾಯೋರು. ಇಡೀ ಗುಂಪು ಸೇರಿ ಒಬ್ಬರಿಗೆ ಓಟ್ ಹಾಕಿಬಿಟ್ರೆ? ಅವರು ಬರ್ಲಿ, ಹಾಡ್ಲಿ, ಕುಣೀಲಿ, ಊಟ ಮಾಡ್ಲಿ. ಓಟ್ ಬೇಡ.” ಆಮೇಲೆ ದನಿ ತಗ್ಗಿಸಿದರು: “ನಾನು ಅಂಥವನಲ್ಲ, ನಿಮಗೆ ಗೊತ್ತು. ಆದ್ರೆ ಜನ ಕೇಳ್ತಾರೆ, ನಮ್ಮ ಸಂಘದ ಮೊದಲ್ನೇ ವಾಕ್ಯ ಬರೆದವರು ಯಾರು ಅಂತ.”

“ಯಾರು ಬರೆದ್ರೆ ಏನೀಗ?”

“ನಾನೂ ಅದೇ ಹೇಳ್ದೆ. ಆದ್ರೆ ಕೇಳೋ ಬಾಯಿ ಮುಚ್ಚೋಕಾಗುತ್ತಾ?” ಎಂದು ನಿಂತರು. “ಒಂದು ಮಾತು ಡಾಕ್ಟ್ರೇ. ಆ ಕಲಮು ಹಾಗೇ ಇದ್ರೆ ಡಲ್ಲಾಸ್ ಸೇರಲ್ಲ. ನಾಳೆ ಎದ್ದು ಹೋಗ್ತೀವಿ. ಆಮೇಲೆ ಯಾವಾಗ ಬೇಕಾದ್ರೂ ತಿದ್ದುಪಡಿ ತರಬಹುದಲ್ಲ? ಮೊದಲು ಮನೆ ಕಟ್ಟೋಣ. ಬಾಗಿಲು ಆಮೇಲೆ ಅಗಲ ಮಾಡಿದ್ರಾಯ್ತು.”

ಉಷಾರಾಣಿ ಮರುಮಾತಾಡದೆ ಹಿಂತಿರುಗಿದರು. ಒಂದು ಬೇಸಿಗೆಯ ಕೆಲಸ ಕಣ್ಣೆದುರು ನಿಂತಿತ್ತು. ಒಂದು ವಾಕ್ಯಕ್ಕಾಗಿ ಅಷ್ಟೂ ಮಣ್ಣುಪಾಲಾಗುವುದೇ? ಅಧ್ಯಕ್ಷಗಿರಿ ಬಿಡುತ್ತೇನೆ ಎಂದು ಚಿದಾನಂದ್ ಬಾಯಲ್ಲಿ ಬಂದದ್ದೇ ದೊಡ್ಡದು. ಸಂಗಮೇಶರನ್ನು ಕೇಳಿದರು. “ಆಗ್ಲಿ ಬಿಡ್ರಿ ಮೇಡಂ, ಮದಲ ಒಂದಾಗೂಣು” ಎಂದರು ಅವರು. ಉಷಾರಾಣಿ ಪೆನ್ನು ತೆಗೆದುಕೊಂಡು ಊಟದ ಮೇಜಿಗೆ ಕುಳಿತರು. ‘ವಿದ್ಯಾರ್ಥಿಗಳಿಗೆ ಮತವಿಲ್ಲ’ ಎಂದು ಬರೆಯಲು ಕೈ ಬರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಹೀಗೆ ಬರೆದರು: ‘ಟೆಕ್ಸಾಸ್‌ನಲ್ಲಿ ಶಾಶ್ವತವಾಗಿ ನೆಲೆಸಿದ ಕನ್ನಡ ಕುಟುಂಬಗಳು ಈ ಒಕ್ಕೂಟದ ಸದಸ್ಯರು, ಇತರರು ಸಹಸದಸ್ಯರು.’ ಓದಲು ಸೊಗಸಾಗಿತ್ತು. ಯಾರನ್ನೂ ಹೊರಗಿಟ್ಟ ಹಾಗೆ ಕಾಣುತ್ತಿರಲಿಲ್ಲ.

ರಾಮಮೂರ್ತಿ ಹಿಂದಿನಿಂದ ಬಗ್ಗಿ ಓದಿದರು. “ಆ ಹುಡುಗಿಗೆ ಈಗಲೇ ಫೋನ್ ಮಾಡು” ಎಂದರು.

“ಫೋನ್‌ನಲ್ಲಿ ಹೇಳೋ ಮಾತಲ್ಲ. ಬೆಳಿಗ್ಗೆ ಎದುರಿಗೆ ಕೂತು ಹೇಳ್ತೀನಿ.”

“ಉಷಾ, ಬೆಳಿಗ್ಗೆ ನಿನಗೆ ಆಗಲ್ಲ.”

ಅವರು ಹೇಳಿದ್ದೇ ನಿಜವಾಯಿತು. ಬೆಳಿಗ್ಗೆ ಇವರು ಸಮುದಾಯ ಭವನಕ್ಕೆ ಹೋಗುವಷ್ಟರಲ್ಲಿ ಶಾಹೀನ್ ಆಗಲೇ ಬಂದಿದ್ದಳು. ಇಳಕಲ್ ಸೀರೆ ಉಟ್ಟಿದ್ದಳು. ಅವಳನ್ನು ಸೀರೆಯಲ್ಲಿ ಉಷಾರಾಣಿ ನೋಡಿದ್ದು ಅದೇ ಮೊದಲು. ಒಂದಷ್ಟು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕುರ್ಚಿ ಹಾಕುತ್ತಿದ್ದಳು, ಮೈಕ್ ಪರೀಕ್ಷಿಸುತ್ತಿದ್ದಳು, ಬಾಗಿಲಲ್ಲಿ ನಿಂತು ಬಂದವರ ಕೈಗೆ ಪಾನಕದ ಲೋಟ ಕೊಡುತ್ತಿದ್ದಳು. ಇವರನ್ನು ಕಂಡದ್ದೇ ಓಡಿಬಂದು ಕೈ ಹಿಡಿದು, “ಎದಿ ಡವಡವ ಅನ್ನಾಕತ್ತೈತ್ರಿ ಆಂಟಿ” ಎಂದಳು. ಉಷಾರಾಣಿ ಅವಳ ಬೆನ್ನು ತಟ್ಟಿದರು. ಹೇಳಬೇಕಾದ್ದು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಯಾರೋ ಮಾತನಾಡಿಸಿದರು. ಆ ಮಾತನಾಡಿಸಿದವರ ಮೇಲೆ ಅವರಿಗೆ ಎಂಥದೋ ಕೃತಜ್ಞತೆ ಹುಟ್ಟಿತು. ಮುಂದೆ ಎಷ್ಟೋ ದಿನ ಅವರನ್ನು ಚುಚ್ಚಿದ್ದು ಆ ಕೃತಜ್ಞತೆಯೇ.

ಸಭೆ ತುಂಬಿತ್ತು. ಅಧ್ಯಕ್ಷತೆ ಉಷಾರಾಣಿಯದು. ಕಲಮುಗಳನ್ನು ಒಂದೊಂದಾಗಿ ಓದಬೇಕಿತ್ತು. ಅವರು ಕೊನೆಯ ಸಾಲಿನ ಹಿಂದಿನ ಗೋಡೆಯನ್ನೇ ನೋಡುತ್ತಾ ಮೊದಲನೆಯದನ್ನು ಓದಿದರು. ಸಭೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ಪಕ್ಕದ ಗೋಡೆಗೆ ಒರಗಿ ನಿಂತಿದ್ದ ಶಾಹೀನ್ ಮಾತ್ರ ತಲೆಯೆತ್ತಿದಳು. ತಾನೇ ತಪ್ಪು ಕೇಳಿಸಿಕೊಂಡೆನೇನೋ ಎನ್ನುವ ಮುಖ.

“ಆಂಟಿ, ನಾವು ಬರದಿದ್ದು ಇದಲ್ಲಲ್ರಿ?” ಎಂದಳು. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಹಾಳೆ ಅದಲುಬದಲಾಗಿದೆ ಎಂದೇ ಅವಳು ತಿಳಿದದ್ದು.

ಮುಂದಿನ ಸಾಲಿನಿಂದ ಚಿದಾನಂದ್ ನಗುನಗುತ್ತಲೇ ಹೇಳಿದರು: “ಸದಸ್ಯರು ಮಾತಾಡ್ಲಿ ಮೊದಲು. ಸಹಸದಸ್ಯರಿಗೆ ಆಮೇಲೆ ಅವಕಾಶ ಇದ್ದೇ ಇದೆ.”

ಎಲ್ಲರೂ ಉಷಾರಾಣಿಯತ್ತ ನೋಡಿದರು. ಯಾರನ್ನೇ ಹೊರಗಿಡುವ ಮೊದಲು ಅವರ ಮಾತು ಕೇಳಬೇಕೆಂದು ಅವರೇ ಬರೆದದ್ದು, ಏಳನೆಯ ಕಲಮು, ಕೈಯಲ್ಲಿದ್ದ ಹಾಳೆಗಳಲ್ಲೇ ಇತ್ತು. “ಹೇಳಮ್ಮ” ಎಂಬ ಒಂದು ಮಾತು ಸಾಕಿತ್ತು. ಅವರೆಂದರು: “ಈಗ ಮತ ಹಾಕಿಬಿಡೋಣ. ಚರ್ಚೆ ಏನಿದ್ರೂ ಆಮೇಲೆ ಮಾಡೋಣ.”

ಕೈಗಳು ಮೇಲೆದ್ದವು. ಉಳಿದ ಕಲಮುಗಳೂ ಒಂದರ ಹಿಂದೊಂದು ಸಾಗಿದವು. ಚಪ್ಪಾಳೆಯಾಯಿತು. ಸಂಸ್ಥಾಪಕರೆಲ್ಲ ಒಂದು ಫೋಟೋ ತೆಗೆಸಿಕೊಳ್ಳಬೇಕೆಂದು ವೇದಿಕೆ ಹತ್ತಿದರು. ಫೋಟೋ ತೆಗೆಯುವವರು ಯಾರು ಎಂದು ಸುತ್ತ ನೋಡಿದ ಸಂಗಮೇಶರು, “ಶಾಹೀನ್, ಒಂದೀಟು ಬಾರವಾ” ಎಂದು ತಮ್ಮ ಫೋನನ್ನು ಅವಳ ಕೈಗಿತ್ತರು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಅವಳು ತೆಗೆದಳು. “ಇನ್ನೊಂದು ತಗೀತೀನ್ರಿ, ಹಿಂದಿನವರು ಕಾಣಾಂಗಿಲ್ಲ” ಎಂದು ಮತ್ತೊಂದು ತೆಗೆದಳು. ಎರಡರಲ್ಲೂ ಉಷಾರಾಣಿ ನಗುತ್ತಿದ್ದಾರೆ.

ಊಟದ ಗದ್ದಲದಲ್ಲಿ ಅವಳು ಕಾಣಲಿಲ್ಲ. ಉಷಾರಾಣಿ ಹುಡುಕಿಕೊಂಡು ಕಾರು ನಿಲ್ಲಿಸುವ ಜಾಗಕ್ಕೆ ಬಂದಾಗ, ಗೆಳತಿಯೊಬ್ಬಳ ಕಾರಿನ ಬಳಿ ನಿಂತಿದ್ದಳು.

“ಶಾಹೀನ್, ನಿಂತ್ಕೋ. ನಿನ್ನೆ ಸಂಜೆ ಎಲ್ಲ ತಲೆಕೆಳಗಾಯ್ತು. ಒಪ್ಪದೇ ಇದ್ದಿದ್ರೆ ಡಲ್ಲಾಸ್‌ನವರು ಎದ್ದು ಹೋಗ್ತಿದ್ರು. ಏನೂ ಉಳೀತಿರ್ಲಿಲ್ಲ. ಇನ್ನೆರಡು ವರ್ಷದಲ್ಲಿ ನಾನೇ ತಿದ್ದುಪಡಿ ತರ್ತೀನಿ.”

“ಗೊತ್ತಾತ್ರಿ ಆಂಟಿ.”

“ನಿನಗೆ ಕೋಪ ಬಂದಿದೆ.”

“ಇಲ್ರಿ.” ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. “ನೀವು ಒಪ್ಪಿಕೊಂಡಿದ್ದಕ್ಕ ಬ್ಯಾಸರಿಲ್ರಿ. ದೊಡ್ಡ ದೊಡ್ಡವರು ಒಪ್ಪಿಕೊಂಡಾರ, ಅದನ್ನ ಓದಾಕತ್ತೀನಿ ನಾನು. ನನಗ ಮದಲ ಹೇಳಬೇಕಿತ್ರಿ. ಮುಂಜಾನಿ ಕೈ ಹಿಡದಿದ್ದೆ ನಿಮ್ಮದು. ಆಗರೆ ಹೇಳಬೇಕಿತ್ತು.”

“ಊಟ ಮಾಡ್ಕೊಂಡು ಹೋಗು” ಎಂದರು ಉಷಾರಾಣಿ. ಅದಕ್ಕಿಂತ ಬಡ ಮಾತು ಆ ಹೊತ್ತಿನಲ್ಲಿ ಇನ್ನೊಂದಿರಲಿಲ್ಲ.

“ಆತ್ರಿ, ಆಮ್ಯಾಲೆ” ಎಂದು ಅವಳು ಕಾರು ಹತ್ತಿದಳು.

ಒಕ್ಕೂಟ ಚೆನ್ನಾಗಿಯೇ ನಡೆಯಿತು. ಅದೊಂದು ವಿಚಿತ್ರ. ಕೆಟ್ಟು ಹೋಗಿದ್ದರೆ ಉಷಾರಾಣಿಗೆ ಸಮಾಧಾನವಾದರೂ ಇರುತ್ತಿತ್ತು. ಬರೆದ ಹಾಗೆಯೇ ಚುನಾವಣೆಯಾಯಿತು. ಚಿದಾನಂದ್ ಮಾತಿಗೆ ತಪ್ಪದೆ ಕುರ್ಚಿ ಬಿಟ್ಟರು. ಮೈಕ್ ಸೆಟ್ಟಿನ ಜಗಳ ಪೀಠದ ಮುಂದೆ ಬಂದು ಒಂದೇ ಮಧ್ಯಾಹ್ನದಲ್ಲಿ ಬಗೆಹರಿಯಿತು. ಬೇರೆ ರಾಜ್ಯದ ಸಂಘಗಳವರು ಫೋನ್ ಮಾಡಿ ಸಂವಿಧಾನದ ಪ್ರತಿ ಕೇಳಿದರು. ಪ್ರತಿ ಕಾರ್ಯಕ್ರಮದಲ್ಲೂ ಯಾರಾದರೊಬ್ಬರು ಉಷಾರಾಣಿಗೆ ಶಾಲು ಹೊದಿಸುತ್ತಿದ್ದರು. ವಿದ್ಯಾರ್ಥಿಗಳು ಮೊದಮೊದಲು ಬಂದರು, ಕುರ್ಚಿ ಹಾಕಿದರು, ಬರಬರುತ್ತ ಕಡಿಮೆಯಾದರು. “ಈಗಿನ ಹುಡುಗರಿಗೆ ಭಾಷೆ ಮೇಲೆ ಅಭಿಮಾನವೇ ಇಲ್ಲ” ಎಂದು ಸಭೆಯಲ್ಲಿ ಒಬ್ಬರು ನಿಟ್ಟುಸಿರು ಬಿಟ್ಟಾಗ ಉಷಾರಾಣಿ ನೆಲ ನೋಡುತ್ತಾ ಕುಳಿತಿದ್ದರು.

ಶಾಹೀನ್ ಫೋನ್ ಎತ್ತುತ್ತಿದ್ದಳು. “ಅರಾಮ್ರಿ ಆಂಟಿ, ನೀವು ಅರಾಮ? ಅಂಕಲ್ ಅರಾಮ?” ಎನ್ನುತ್ತಿದ್ದಳು. ಪ್ರಬಂಧದ ಕೆಲಸ ಬಹಳ ಇದೆಯೆನ್ನುತ್ತಿದ್ದಳು. ಕ್ಲಿಯರ್ ಲೇಕ್‌ಗೆ ಮಾತ್ರ ಮತ್ತೆ ಬರಲಿಲ್ಲ. ಅವಳ ಸೌಜನ್ಯದಲ್ಲಿ ಒಂದು ಬಿರುಕೂ ಇರಲಿಲ್ಲ. ಉಗುರು ಹೊಗಿಸಲು ಜಾಗವಿರಲಿಲ್ಲ.

ಎರಡು ವರ್ಷವೆಂದದ್ದು ಮೂರಕ್ಕೆ ಎಳೆಯಿತು. ಮೊದಲ ವರ್ಷ ಹೊಸ ಒಕ್ಕೂಟ, ಈಗಲೇ ಬೇಡ ಎಂದರು. ಎರಡನೆಯ ವರ್ಷ ದೊಡ್ಡ ಸಮ್ಮೇಳನವಿತ್ತು. ಬಾಗಿಲು ಆಮೇಲೆ ಅಗಲ ಮಾಡಿದರಾಯಿತು ಎಂದುಕೊಂಡು ಮನೆ ಕಟ್ಟಿದವರಿಗೆ, ಒಳಗೆ ಸೇರಿದ ಮೇಲೆ ಬಾಗಿಲಿನ ನೆನಪೇ ಬರುವುದಿಲ್ಲ. ಮೂರನೆಯ ವರ್ಷ ಉಷಾರಾಣಿ ಯಾರನ್ನೂ ಕೇಳದೆ ಹೊರಟುಬಿಟ್ಟರು. ತಿದ್ದುಪಡಿಗೆ ಮೂರೂ ಊರಿನವರ ಒಪ್ಪಿಗೆ ಬೇಕಿತ್ತು. ಮನೆಮನೆಗೂ ಹೋದರು. ಮಂಡಿ ನೋವಿದ್ದರೂ ಹ್ಯೂಸ್ಟನ್ ಸುತ್ತಿದರು, ಆಸ್ಟಿನ್ ಸುತ್ತಿದರು. ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಡಲ್ಲಾಸ್‌ಗೆ ಹೋದರು. ಅಲ್ಲಿ ಚಿದಾನಂದ್ ಬೇಡವೆಂದರೆ ಮುಗಿಯಿತು.

ಲಾಸ್ ಕೊಲಿನಾಸ್‌ನ ಕಾಲುವೆಯ ಪಕ್ಕದ ಕಾಫಿ ಅಂಗಡಿಯಲ್ಲಿ ಇಬ್ಬರೂ ಕುಳಿತರು. ಚಿದಾನಂದ್ ಬೈಪಾಸ್ ಮಾಡಿಸಿಕೊಂಡು ಇಳಿದುಹೋಗಿದ್ದರು. ಉಷಾರಾಣಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾದವನ್ನೆಲ್ಲ ಬಿಚ್ಚುವ ಮೊದಲೇ ಅವರು ಕೈ ಅಡ್ಡ ಹಿಡಿದರು.

“ಆಗ್ಲಿ ಡಾಕ್ಟ್ರೇ. ಮಾಡಿಬಿಡಿ. ನಾನೇ ಎಲ್ಲರಿಗೂ ಹೇಳ್ತೀನಿ.”

ಉಷಾರಾಣಿ ನಂಬಲಾರದೆ ನೋಡಿದರು. “ಅಷ್ಟು ಸುಲಭಾನಾ?”

“ಆಗಲೂ ಕಷ್ಟ ಇರ್ಲಿಲ್ಲ.” ಚಿದಾನಂದ್ ಕಾಫಿಯ ಕಪ್ಪನ್ನು ತಿರುಗಿಸುತ್ತಾ ಕುಳಿತರು. “ಈಗ ಹೇಳಿದ್ರೆ ಏನು, ಬಿಟ್ರೆ ಏನು. ನಮ್ಮವರು ಸೇರೋಕೆ ಆಗಲೇ ಒಪ್ಪಿಬಿಟ್ಟಿದ್ರು. ಕಲಮು ಹೇಗಿದ್ರೂ ಸೇರೋದು ಅಂತ. ಕೆಲವರಿಗೆ ಇರುಸುಮುರುಸು ಇತ್ತು, ನಿಜ. ಆದ್ರೆ ಎದ್ದು ಹೋಗೋರು ಯಾರೂ ಇರ್ಲಿಲ್ಲ. ಕುರ್ಚಿ ಬಿಡ್ತಿದೀನಲ್ಲ, ಹೋಗ್ತಾ ಒಂದಾದ್ರೂ ನನ್ನ ಮಾತು ನಡೀಲಿ ಅನ್ನಿಸ್ತು. ನೋಡೋಣ ಅಂತ ಒಂದು ಮಾತು ಎಸೆದೆ. ನೀವು ಗಟ್ಟಿಯಾಗಿ ನಿಂತಿದ್ರೆ ನಾನೇ ಬಗ್ತಿದ್ದೆ.”

ಹೊರಗೆ ಕಾಲುವೆಯಲ್ಲಿ ಪ್ರವಾಸಿಗಳ ಪುಟ್ಟ ದೋಣಿಯೊಂದು ಹೋಗುತ್ತಿತ್ತು. ಉಷಾರಾಣಿಗೆ ಆ ಮನುಷ್ಯನ ಮೇಲೆ ಸಿಟ್ಟು ಬರಲಿ ಎಂದು ಬಹಳ ಆಸೆಯಾಯಿತು. ಬರಲಿಲ್ಲ. ಅವರು ಎಸೆದದ್ದು ಒಂದು ಮಾತು. ಅದನ್ನು ಎತ್ತಿಕೊಂಡು, ಒಪ್ಪವಾಗಿ ವಾಕ್ಯ ಮಾಡಿ, ಸಭೆಯಲ್ಲಿ ನಿಂತು ಓದಿದವರು ತಾವು. ಖರೇನ ಸೇರ್ತಿದ್ದಿಲ್ಲೇನು ಅಂತ ಯಾರೂ ಪರೀಕ್ಷಾ ಮಾಡಾಕ ಹೋಗಲಿಲ್ಲ ಎಂದಿದ್ದಳು ಹುಡುಗಿ, ಉಪ್ಪಿಟ್ಟಿನ ತಟ್ಟೆಯ ಮುಂದೆ ಕುಳಿತು.

ತಿದ್ದುಪಡಿ ಹ್ಯೂಸ್ಟನ್‌ನ ವಾರ್ಷಿಕ ಸಭೆಯಲ್ಲಿ ಸಾಗಿತು. ವಿರೋಧವಾಗಿ ಎದ್ದ ಕೈ ಬೆರಳೆಣಿಕೆಯಷ್ಟು. ಶಾಹೀನ್ ಬರೆದಿದ್ದ ಹಳೆಯ ವಾಕ್ಯವನ್ನೇ ಅಕ್ಷರ ಬದಲಿಸದೆ ಸೇರಿಸಿದ್ದರು. ಮಾರನೆಯ ದಿನವೇ ಉಷಾರಾಣಿ ಆಸ್ಟಿನ್‌ಗೆ ಹೊರಟರು. ರಾಮಮೂರ್ತಿ ಕರಿಬೇವಿನ ಒಂದು ಕುಂಡ ತಂದು ಕಾರಿನಲ್ಲಿಟ್ಟರು, ಅವಳಿಗೆ ಕೊಡೆಂದು.

ಶಾಹೀನ್‌ಳ ಅಪಾರ್ಟ್‌ಮೆಂಟಿನ ತುಂಬ ರಟ್ಟಿನ ಪೆಟ್ಟಿಗೆಗಳು. ಪಿಎಚ್.ಡಿ. ಮುಗಿದಿತ್ತು, ಒಹಾಯೋದ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತ್ತು, ಆ ವಾರವೇ ಹೊರಡುವವಳಿದ್ದಳು. ಉಷಾರಾಣಿಯನ್ನು ಕಂಡು ನಿಜವಾಗಿಯೂ ಸಂತೋಷಪಟ್ಟಳು. ಕಟ್ಟಿದ್ದ ಪೆಟ್ಟಿಗೆ ಬಿಚ್ಚಿ ಲೋಟ ತೆಗೆದು ಚಹಾ ಮಾಡಿದಳು. ತಿದ್ದುಪಡಿಯ ಸುದ್ದಿ ಕೇಳಿ, “ಛಲೋ ಆತ್ರಿ ಆಂಟಿ. ಹುಡುಗರಿಗೆ ಛಲೋ ಆತು” ಎಂದಳು.

“ನಿನ್ನ ವಾಕ್ಯವೇ. ಹಾಗೇ ಇದೆ.”

“ನಂದೊಂದೇ ಅಲ್ರಿ ಅದು.” ಅವಳು ಒಂದು ಪೆಟ್ಟಿಗೆಯ ಮೇಲೆ ಕುಳಿತಳು. “ನಾ ‘ಕನ್ನಡ ಬಲ್ಲ ಪ್ರತಿಯೊಬ್ಬರೂ’ ಅಂತ ಬರದಿದ್ದೆ. ಫೋನ್‌ನ್ಯಾಗ ಅಬ್ಬಾಗ ಓದಿ ತೋರಿಸಿದೆ. ಅಬ್ಬಾ ಅಂದ್ರು, ಬಲ್ಲ ಅಂದ್ರ ಪರೀಕ್ಷಾ ತಗೊಳ್ಳಾಕ ಯಾರರ ಬರ್ತಾರವಾ, ‘ತನ್ನದೆಂದುಕೊಂಡ’ ಅಂತ ಹಾಕು. ಅದನ್ನ ಯಾರೂ ಪರೀಕ್ಷಾ ಮಾಡಾಕ ಬರಾಂಗಿಲ್ಲ ಅಂತ. ಅಮೆರಿಕಾದಾಗ ಕನ್ನಡದ ಸಂವಿಧಾನದ ಮದಲನೇ ಸಾಲು ನಮ್ಮ ಮನ್ಯಾಗ ಆತು ಅಂತ ಸಾಲಿಗೆಲ್ಲ ಹೇಳಿಕೊಂಡು ಅಡ್ಡಾಡಿದ್ರು.”

ಉಷಾರಾಣಿಯ ಕೈಯಲ್ಲಿ ಚಹಾ ಆರುತ್ತಿತ್ತು. “ಆಮೇಲೆ? ಅವರಿಗೆ ಏನು ಹೇಳಿದೆ?”

“ಏನ ಹೇಳ್ಲಿರಿ. ಪಾಸ್ ಆತು ಅಂದೆ. ಈಗೂ ಕೇಳ್ತಾರ, ನಿಮ್ಮ ಚುನಾವಣಿ ಆತೇನು, ಯಾರಿಗೆ ಹಾಕಿದಿ ಅಂತ. ಒಂದ ಹೆಸರು ಹೇಳ್ತೀನಿ.” ಅವಳು ಸ್ವಲ್ಪ ನಕ್ಕಳು. “ಮೂರು ವರ್ಷ ಆತು ಓಟ್ ಹಾಕಾಕತ್ತು.”

ಉಷಾರಾಣಿ ಡಲ್ಲಾಸ್‌ನ ಮಾತನ್ನೂ ಹೇಳಿದರು: ಬೆದರಿಕೆ ಪೊಳ್ಳಾಗಿತ್ತು, ತಾವು ಒಂದು ಮಾತು ಎದುರಾಡಿದ್ದರೆ ಸಾಕಿತ್ತು. ಬೈಸಿಕೊಳ್ಳಬೇಕೆಂದೇ ಹೇಳಿದರು. ಶಾಹೀನ್ ಬೈಯಲಿಲ್ಲ. ಆಶ್ಚರ್ಯವೂ ಪಡಲಿಲ್ಲ.

“ನಿಮ್ಮನ್ನ ಹಗೂರ ಮಾಡಾಕ ನನ್ನ ಕಡೆ ಏನೂ ಇಲ್ರಿ ಆಂಟಿ. ಇದ್ದಿದ್ರ ಕೊಡ್ತಿದ್ದೆ” ಎಂದಳು. ಅದರಲ್ಲಿ ಕಹಿಯಿರಲಿಲ್ಲ. ಮನೆಯಲ್ಲಿ ಸಕ್ಕರೆ ಮುಗಿದಿದೆ ಎನ್ನುವಷ್ಟು ಸರಳವಾಗಿ ಹೇಳಿದಳು.

“ಒಹಾಯೋಗೆ ಹೋದ ಮೇಲೂ ಗೌರವ ಸದಸ್ಯೆಯಾಗಿ ನಿನ್ನ ಹೆಸರು ಇಡ್ತೀವಿ. ಬೇಡ ಅನ್ಬೇಡ.”

“ಬ್ಯಾಡ್ರಿ. ‘ಟೆಕ್ಸಾಸ್‌ನಲ್ಲಿದ್ದು’ ಅಂತ ಐತಲ್ರಿ ಕಲಮಿನ್ಯಾಗ. ನಾವ ಬರದು ನಾವ ಮುರಿಯೂದು ಬ್ಯಾಡ.”

ಹೊರಡುವಾಗ ಕಟ್ಟಿದ ರೊಟ್ಟಿಗಳ ಒಂದು ಪೊಟ್ಟಣ, ಶೇಂಗಾ ಚಟ್ನಿಯ ಡಬ್ಬಿ ಕೊಟ್ಟಳು. ಅಡುಗೆಯ ಸಾಮಾನೆಲ್ಲ ಮುಗಿಸಬೇಕಿತ್ತು ಎಂದಳು. ಕರಿಬೇವಿನ ಕುಂಡವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅಷ್ಟು ಚಳಿಯ ಊರಿನಲ್ಲಿ ಇದು ಬದುಕುತ್ತದೋ ಇಲ್ಲವೋ ಎಂದು ಎಲೆ ಮುಟ್ಟಿ ನೋಡಿದಳು. ಮೆಟ್ಟಿಲವರೆಗೆ ಬಂದು, ಬಗ್ಗಿ ನಮಸ್ಕಾರ ಮಾಡಿದಳು. ಉಷಾರಾಣಿ ಅವಳ ತಲೆಯ ಮೇಲೆ ಕೈಯಿಟ್ಟರು. ಏನಾದರೂ ಹರಸಬೇಕೆಂದು ನೋಡಿದರು. ಹರಸುವ ಅಧಿಕಾರ ತಮಗಿದೆ ಎನ್ನಿಸಲಿಲ್ಲ. “ಹುಷಾರಾಗಿ ಹೋಗು” ಎಂದರು.

ಮರುವರ್ಷದ ಚುನಾವಣೆಯಲ್ಲಿ ವಿದ್ಯಾರ್ಥಿ ಮತದಾರರ ಸಾಲು ಸಾಕಷ್ಟು ಉದ್ದವೇ ಇತ್ತು. ದರ್ಶನ್ ಎಂಬ ಹಾಸನದ ಹುಡುಗ ಕಾರ್ಯದರ್ಶಿಯಾಗಿ ಗೆದ್ದ. ಹಿಂದಿನ ವರ್ಷದವರೆಗೂ ಅವನಂಥವರಿಗೆ ಮತವಿರಲಿಲ್ಲ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ, ಯಾರೂ ಹೇಳಿರಲಿಲ್ಲ. ಉಷಾರಾಣಿ ಅವನನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ಹೇಳಿದರು, ತಮ್ಮ ಪಾಲನ್ನೂ ಬಿಡದೆ. ಅವನು ವಿನಯದಿಂದ ಕೇಳಿಸಿಕೊಂಡು, “ಈಗ ಸರಿಹೋಯ್ತಲ್ಲ ಆಂಟಿ, ಬಿಡಿ” ಎಂದ. ಯಾರೋ ಕರೆದರೆಂದು ಓಡಿದ.

ಉಷಾರಾಣಿ ತಮ್ಮ ಮತ ಹಾಕಿ, ಊಟಕ್ಕೆ ನಿಲ್ಲದೆ ಹೊರಟರು. ಯುಗಾದಿಗೊಮ್ಮೆ ಅವರು ಶಾಹೀನ್‌ಗೆ ಶುಭಾಶಯ ಕಳಿಸುತ್ತಾರೆ. ಅದೇ ದಿನ ಉತ್ತರ ಬರುತ್ತದೆ: ‘ನಿಮಗೂ ರಿ ಆಂಟಿ. ಅಂಕಲ್‌ಗೂ ಹೇಳ್ರಿ.’ ಅದರ ಮುಂದೆ ಬರೆಯಲು ಉಷಾರಾಣಿ ಎಷ್ಟೋ ಸಲ ಕುಳಿತಿದ್ದಾರೆ. ವಾಕ್ಯ ಕಟ್ಟುವುದು ಅವರಿಗೆ ಗೊತ್ತು; ಅದಕ್ಕೇ ಬರೆಯದೆ ಏಳುತ್ತಾರೆ.